ದೂರದ ಶಿಲಾಸ್ತರಗಳ ಹೋಲಿಕೆ ಮತ್ತು ಕಾಲನಿರ್ಣಯ: ಒಂದು ವಿಮರ್ಶೆ

ದೂರದೂರದ ಎರಡು ಸ್ಥಳಗಳಲ್ಲಿ ನೆಲದ ಮೇಲೆ ಕಾಣುವ ಜಲಜ ಶಿಲೆಗಳ ಸ್ತರಗಳು ಒಂದೇ ಕಾಲದವೇ ಎಂದು ನಿರ್ಧರಿಸುವುದು ಭೂವಿಜ್ಞಾನದ ಕಠಿಣ ಕಾರ್ಯಗಳಲ್ಲೊಂದು. ನಮ್ಮ ಪಠ್ಯಗ್ರಂಥಗಳ ಕೋಷ್ಟಕಗಳಲ್ಲಿ ಕಲಾದಗಿಯ ಎದುರಿಗೆ ಕಡಪ, ಭೀಮಾದ ಎದುರಿಗೆ ಕರ್ನೂಲು ಎಂದು ಬರೆಯುವುದು ರೂಢಿಯಾಗಿದೆ. ಹೀಗೆ ಒಂದೇ ಸಾಲಿನಲ್ಲಿ ಕಂಡೊಡನೆ ಅವು ಸಮಕಾಲೀನವೆಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಈ ಭಾವನೆಗೆ ಆಧಾರವೆಷ್ಟೆಂಬುದು ವಿಚಾರಾರ್ಹ.

ರಾಬರ್ಟ್ ಬ್ರೂಸ್ ಫೂಟ್ ೧೮೭೬ರ ತಮ್ಮ ವರದಿಯಲ್ಲಿ ಕಲಾದಗಿ ಮತ್ತು ಭೀಮಾ ಶಿಲೆಗಳನ್ನು ವಿವರವಾಗಿ ವರ್ಣಿಸಿದರು. ಅವರ ಕ್ಷೇತ್ರವೀಕ್ಷಣೆಯ ಮೌಲ್ಯ ಇಂದಿಗೂ ಕುಂದಿಲ್ಲ. ಆದರೆ ಮುಂದೆ ರೂಢಿಗೆ ಬಂದ ಹೊಂದಾಣಿಕೆಗೆ ಮುಖ್ಯ ಆಧಾರ ಶಿಲೆಗಳ ರೂಪಸಾಮ್ಯವೇ. ಶಹಾಬಾದಿನ ಸುಣ್ಣಕಲ್ಲೂ ಕರ್ನೂಲು ಸಮೂಹದ ನಾರ್ಜಿ ಸುಣ್ಣಕಲ್ಲೂ ಚಪ್ಪಡಿಯಾಗಿ ಏಳುತ್ತವೆ. ಎರಡೂ ನಮ್ಮ ಮನೆಗಳ ನೆಲಕ್ಕೆ ಹಾಸುಗಲ್ಲಾಗಿವೆ. ಆದರೆ ಶಹಾಬಾದಿನಿಂದ ಕರ್ನೂಲಿಗೆ ೧೫೦ ಕಿಲೋಮೀಟರಿಗೂ ಹೆಚ್ಚು ದೂರ. ಕಲಾದಗಿ ಮತ್ತು ಭೀಮಾ ಪ್ರದೇಶಗಳ ನಡುವಣ ನೆಲವನ್ನಂತೂ ಬಹುಮಟ್ಟಿಗೆ ದಖ್ಖನಿನ ಲಾವಾ ಮುಚ್ಚಿದೆ. ಸ್ತರವನ್ನು ಅಲ್ಲಿಂದಿಲ್ಲಿಗೆ ಕಾಲ್ನಡಿಗೆಯಲ್ಲಿ ಅನುಸರಿಸುವ ಮಾರ್ಗವಿಲ್ಲ.

ಆಳವಿಲ್ಲದ ಬೆಚ್ಚನೆಯ ಕಡಲು ಎಲ್ಲಿ, ಯಾವ ಯುಗದಲ್ಲಿ ಇದ್ದರೂ ಅಲ್ಲಿ ಸುಣ್ಣಕಲ್ಲು ಸಂಚಯವಾಗಬಹುದು. ಕಡಲು ಮೆಲ್ಲನೆ ನೆಲವನ್ನಾಕ್ರಮಿಸಿದಾಗ ಒಂದೇ ಮರಳುಗಲ್ಲಿನ ಪದರ ಒಂದು ತುದಿಯಲ್ಲಿ ಹಳೆಯದೂ ಇನ್ನೊಂದು ತುದಿಯಲ್ಲಿ ಹೊಸದೂ ಆಗಿರಬಹುದು. ಆದುದರಿಂದಲೇ ಹಕ್ಸ್ಲಿಯವರು ೧೮೬೨ರಲ್ಲಿ ಸ್ತರಗಳ ಸಮಕ್ರಮತ್ವ ಬೇರೆ, ಸಮಕಾಲತ್ವ ಬೇರೆ ಎಂದು ಎಚ್ಚರಿಸಿದರು.

ಈ ಎಚ್ಚರಿಕೆಗೆ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಬಾಗಲಕೋಟೆಯ ಸುತ್ತಣ ಕಲಾದಗಿ ಸ್ತರಗಳು ಮಡಿಚಿ ಓರೆಯಾಗಿವೆ. ಚಾಲುಕ್ಯರು ಗುಹೆಗಳನ್ನು ಕೊರೆದ ಬಾದಾಮಿಯ ಮರಳುಗಲ್ಲಾದರೋ ಬಹುಮಟ್ಟಿಗೆ ಸಮತಲವಾಗಿ ಅವುಗಳ ಮೇಲೆ ಕುಳಿತಿದೆ. ಕೆಳಗಿನವು ಗಟ್ಟಿಯಾಗಿ, ಮಡಿಚಿ, ಸವೆದು ಹೋದ ಮೇಲೆಯೇ ಮೇಲಿನದು ಸಂಚಯಿಸಿತೆಂಬುದು ಇದರಿಂದ ಸ್ಪಷ್ಟ. ೧೯೮೭ರಲ್ಲಿ ಇವನ್ನು ಬಾಗಲಕೋಟೆ ಮತ್ತು ಬಾದಾಮಿ ಎಂಬ ಎರಡು ಸಮೂಹಗಳಾಗಿ ವಿಂಗಡಿಸಲಾಯಿತು. ಒಂದು ಹೆಸರಿನ ಒಳಗೇ ಇಷ್ಟು ದೊಡ್ಡ ಕಾಲವಿಚ್ಛೇದವಿರುವಾಗ, ಆ ಹೆಸರನ್ನು ಇಡಿಯಾಗಿ ಕಡಪದೊಡನೆ ಸರಿದೂಗಿಸುವುದು ಹೇಗೆ?

ಜೀವ್ಯವಶೇಷಗಳಿದ್ದರೆ ಸಮಸ್ಯೆ ಬಗೆಹರಿಯುತ್ತದೆಂದು ಹೇಳುವವರುಂಟು. ವಿಂಧ್ಯ ಶಿಲೆಗಳ ಚರಿತ್ರೆ ಈ ಆಶೆಗೂ ಮಿತಿಯನ್ನು ತೋರಿಸುತ್ತದೆ. ೧೯೯೮ರಲ್ಲಿ ರೋಹ್ತಾಸ್ ಸುಣ್ಣಕಲ್ಲಿನಲ್ಲಿ ಚಿಪ್ಪಿನಂಥ ಸಣ್ಣ ಅವಶೇಷಗಳು ದೊರೆತುವೆಂದು ವರದಿಯಾಗಿ, ಅವುಗಳ ರೂಪದಿಂದ ಆ ಶಿಲೆಯ ವಯಸ್ಸು ಸುಮಾರು ೫೪ ಕೋಟಿ ವರ್ಷವೆಂದು ಊಹಿಸಲಾಯಿತು. ೨೦೦೨ರಲ್ಲಿ ಅದಕ್ಕಿಂತ ಕೆಳಗಿನ ಜ್ವಾಲಾಮುಖಿ ಬೂದಿಯ ಪದರಗಳಲ್ಲಿನ ಜಿರ್ಕಾನ್ ಹರಳುಗಳು ಸುಮಾರು ೧೬೦ ಕೋಟಿ ವರ್ಷಗಳ ವಯಸ್ಸನ್ನು ಕೊಟ್ಟವು. ಅವಶೇಷಗಳು ನಿಜವಾದವೇ, ಆದರೆ ಅವುಗಳನ್ನೊಳಗೊಂಡ ಶಿಲೆಯೂ ಅಷ್ಟೇ ಪುರಾತನವೆಂದು ೨೦೦೯ರ ಅಧ್ಯಯನವು ತೋರಿಸಿತು. ರೂಪಸಾಮ್ಯವನ್ನು ನಂಬಿದ್ದರಿಂದ ನೂರು ಕೋಟಿ ವರ್ಷಗಳ ವ್ಯತ್ಯಾಸವುಂಟಾಯಿತು.

ನೂತನ ವಿಧಾನಗಳೂ ನಿರಪವಾದವಲ್ಲ. ಮರಳುಗಲ್ಲಿನೊಳಗಿನ ಜಿರ್ಕಾನ್ ಕಣವು ಅದು ಹುಟ್ಟಿದ ಮೂಲಶಿಲೆಯ ವಯಸ್ಸನ್ನು ಹೇಳುತ್ತದೆ. ಮರಳುಗಲ್ಲು ಅತ್ಯಂತ ಕಿರಿಯ ಕಣಕ್ಕಿಂತ ಹಳೆಯದಲ್ಲವೆಂಬಷ್ಟೇ ಅದರಿಂದ ಸಿದ್ಧವಾಗುತ್ತದೆ. ಬೂದಿಯ ಪದರವೊಂದು ಎರಡು ಸ್ಥಳಗಳಲ್ಲಿಯೂ ದೊರೆತರೆ ಮಾತ್ರ ವಾದವು ಬಲಗೊಳ್ಳುತ್ತದೆ.

ಹಾಗೆಂದು ಹಳೆಯ ಕೋಷ್ಟಕಗಳನ್ನು ತ್ಯಜಿಸಬೇಕಿಲ್ಲ. ಅಧ್ಯಾಪಕರು ಅವುಗಳ ಪ್ರತಿಯೊಂದು ಸಾಲಿನ ಪಕ್ಕದಲ್ಲಿಯೂ ಆಧಾರವನ್ನು ಬರೆಯಿಸಲಿ: ಶಿಲೆಯ ಹೋಲಿಕೆಯೋ, ಅವಶೇಷವೋ, ಅಳೆದ ವಯಸ್ಸೋ ಎಂದು. ‘ಹೋಲುತ್ತದೆ’ ಎಂಬುದಕ್ಕೂ ‘ಸಮಕಾಲೀನ’ ಎಂಬುದಕ್ಕೂ ಇರುವ ಅಂತರವನ್ನರಿತ ವಿದ್ಯಾರ್ಥಿಯೇ ಕ್ಷೇತ್ರಕ್ಕಿಳಿದಾಗ ಯಾವುದನ್ನು ಹುಡುಕಬೇಕೆಂದು ಬಲ್ಲನು.