ಸಂಕಮ್ಮ ಕೊಡದ ಭಾಷೆ
ಹನೂರು ಸೀಮೆಯ ಮಲೆ ಮಹದೇಶ್ವರ ಕಾವ್ಯದಲ್ಲಿ ಪವಾಡಗಳಿಗೆ ಬರವಿಲ್ಲ. ಆದರೂ ಅದರ ಒಂದು ಭಾಗವಾದ ಸಂಕಮ್ಮನ ಸಾಲಿನ ಬಲ ಇರುವುದು ಪವಾಡದಲ್ಲಲ್ಲ, ಅದಕ್ಕೂ ಮುಂಚಿನ ನೋವಿನಲ್ಲಿ. ಕಾಡಿಗೆ ಹೊರಟ ಸೋಲಿಗರ ನೀಲಯ್ಯ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ, ಅದಕ್ಕೆ ಹಿಂಸೆ ಉಣ್ಣುತ್ತಾಳೆ. ಮಾದಪ್ಪ, ಅಂದರೆ ಮಹದೇಶ್ವರ, ಜಂಗಮನಾಗಿ ಬರುವುದು ಆಮೇಲೆ. ಈ ಕಾವ್ಯ ಹಾಡುವ ದೇವರಗುಡ್ಡರು ಇಲ್ಲಿ ಅವಸರ ಮಾಡುವುದಿಲ್ಲ. ಎಡಗೈಯ ಬಟ್ಟಲಿನಂಥ ಕಂಸಾಳೆಗೆ ಬಲಗೈಯ ಚಪ್ಪಟೆ ತಾಳ ಬಡಿಯುತ್ತಿರುತ್ತದೆ, ಮುಮ್ಮೇಳದವರ ಸೊಲ್ಲನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ; ಒಬ್ಬಳ ಸಂಕಟ ಹೀಗೆ ಹಲವು ಗಂಟಲುಗಳಿಗೆ ಹಂಚಿಹೋಗುತ್ತದೆ. ಕಲ್ಪನೆಯ ಕಥೆಗೆ ಗಾಯ ಮಾಯಿಸುವ ಗುಣವಿದ್ದರೆ ಅದು ಈ ಹಂಚಿಕೆಯಲ್ಲಿದೆ.

ಮಕ್ಕಳಿಲ್ಲದ ಸಂಕಮ್ಮನಿಗೆ ಕೊನೆಗೆ ಸಿಕ್ಕಿದ್ದು ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು, ಬಿಡುಗಡೆಯಲ್ಲವಲ್ಲ ಎಂಬ ಆಕ್ಷೇಪ ಸುಳ್ಳೇನಲ್ಲ. ಬಂಜೆಯೆಂಬ ನಿಂದೆಯನ್ನು ಪ್ರಶ್ನಿಸದೆ ವರ ಕೊಟ್ಟು ಮುಗಿಸುವ ದೇವರ ಬಗ್ಗೆ ನನಗೂ ತಕರಾರಿದೆ. ಆದರೆ ಹಾಡು ಅವಳ ನಿರಾಕರಣೆಯನ್ನು ಅಳಿಸಿಲ್ಲ, ತಪ್ಪೆಂದೂ ಕರೆದಿಲ್ಲ. ಗಂಡನಿಗೆ ಭಾಷೆ ಕೊಡದವಳನ್ನೇ ಶರಣೆ ಎಂದು ಕರೆದಿದೆ. ಬರಿಯ ಭಕ್ತಿಕಥೆಯಾಗಿದ್ದರೆ ಅವಳು ಮೊದಲ ಮಾತಿಗೇ ಕೈ ಚಾಚಬೇಕಿತ್ತು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರಲ್ಲೂ ಇದೇ ಜಾಣ್ಮೆಯಿದೆ: ಪವಾಡ ಬೇಗ ಮುಗಿಯುತ್ತದೆ, ಪಾಡು ಮಾತ್ರ ರಾತ್ರಿಯಿಡೀ ಸಾಗುತ್ತದೆ.