ಇಳಿಯಲು ಬಲ್ಲ ಕಾರು

ಹಳೆಯ ಕಾರಿನ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು, "ಘಾಟಿ ಹತ್ತುತ್ತಾ?" ಎಂದು. ಹತ್ತುತ್ತದೆ. ಕಾರ್ಬುರೇಟರ್ ಹದವಾಗಿದ್ದು, ರೇಡಿಯೇಟರ್ ಸೋರದೆ ಇದ್ದರೆ ಅರವತ್ತು ವರ್ಷದ ಕಾರು ಸೆಕೆಂಡ್ ಗೇರಿನಲ್ಲಿ ಗುನುಗುತ್ತ ಎಂಥ ಘಾಟಿಯನ್ನೂ ಹತ್ತಿಬಿಡುತ್ತದೆ. ಹತ್ತದಿದ್ದರೆ ಇಂಜಿನ್ ಕುದಿದು ರಸ್ತೆ ಪಕ್ಕ ನಿಲ್ಲುತ್ತದೆ, ಅಷ್ಟೇ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಇಳಿಯುತ್ತಾ?

ಈ ಪ್ರಶ್ನೆಯನ್ನು ಪಟ್ಟುಬಿಡದೆ ಮತ್ತೆ ಮತ್ತೆ ಕೇಳುವ ದೇಶ ನಾರ್ವೆ. ಅಲ್ಲಿನ ಪಶ್ಚಿಮ ಭಾಗದಲ್ಲಿ ಸಮುದ್ರ ಕಿರಿದಾದ ಕೈಗಳನ್ನು ಚಾಚಿ ಬೆಟ್ಟಗಳ ಬುಡದವರೆಗೂ ಬಂದಿದೆ. ಆ ಫಿಯೋರ್ಡ್‌ಗಳ ದಡದಿಂದಲೇ ಏರು ಶುರು. ಸಾವಿರ ಮೀಟರಿಗೂ ಮೇಲೆ ಹೋಗಿ ಹಿಮದ ನಡುವೆ ಸ್ವಲ್ಪ ದೂರ ಓಡಿದರೆ ರಸ್ತೆ ಮತ್ತೆ ಸಮುದ್ರಮಟ್ಟಕ್ಕೆ ಇಳಿಯುತ್ತದೆ. ಕಾರು ಸಾಗಿಸುವ ದೋಣಿ ಹಿಡಿದು ಆಚೆ ದಡಕ್ಕೆ ಹೋದರೆ ಇನ್ನೊಂದು ಏರು, ಇನ್ನೊಂದು ಇಳಿಜಾರು. ಹಳೆಯ ಕಾರನ್ನು ಪ್ರೀತಿಸುವವರು ಬದುಕಿನಲ್ಲಿ ಒಮ್ಮೆಯಾದರೂ ಈ ದಾರಿಯಲ್ಲಿ ಓಡಿಸಬೇಕು. ಗ್ಯಾರೇಜಿನಲ್ಲಿ ಹೊಳೆಯುವಂತೆ ಒರೆಸಿಟ್ಟ ಕಾರು ತನ್ನ ಬಗ್ಗೆ ಹೇಳದೆ ಉಳಿಸಿಕೊಂಡದ್ದೆಲ್ಲ ಅಲ್ಲಿ ಬಯಲಾಗುತ್ತದೆ.

ನಾವು ಹೋದದ್ದು 1966ರ ವೋಲ್ವೊ ಅಮೆಜಾನ್‌ನಲ್ಲಿ. ಕಾರು ಸ್ವೀಡನ್ನಿನದು. 1956ರಲ್ಲಿ ಹೊರಬಂದು 1970ರವರೆಗೂ ತಯಾರಾದ ಈ ಮಾದರಿಯ ವಿನ್ಯಾಸಕಾರ ಯಾನ್ ವಿಲ್ಸ್‌ಗಾರ್ಡ್. ಹೆಗಲ ಮೇಲಿಂದ ಎದೆಗೆ ಅಡ್ಡಬಂದು ಸೊಂಟಕ್ಕೆ ಬಿಗಿಯುವ, ಇಂದು ನಾವೆಲ್ಲ ಹಾಕಿಕೊಳ್ಳುವ ಮೂರು ಬಿಂದುವಿನ ಸೀಟ್ ಬೆಲ್ಟ್ 1959ರಲ್ಲಿ ಮೊದಲು ಬಂದದ್ದು ಇದರಲ್ಲಿ ಮತ್ತು ಇದರ ಅಣ್ಣನಂತಿದ್ದ ಪಿವಿ 544ರಲ್ಲಿ. 1.8 ಲೀಟರ್‌ನ ನಾಲ್ಕು ಸಿಲಿಂಡರ್ ಇಂಜಿನ್, ನಾಲ್ಕು ಗೇರು, ಹಿಂದಿನ ಚಕ್ರದ ಚಾಲನೆ. ಪವರ್ ಸ್ಟಿಯರಿಂಗ್ ಇಲ್ಲ. ಅಗಲವಾದ ತೆಳ್ಳನೆಯ ಸ್ಟಿಯರಿಂಗ್ ಚಕ್ರವನ್ನು ತಿರುವಿನಲ್ಲಿ ಎರಡೂ ಕೈಯಲ್ಲಿ ಎಳೆಯಬೇಕು. ಹ್ಯಾಂಡ್ ಬ್ರೇಕ್ ಚಾಲಕನ ಸೀಟಿಗೂ ಬಾಗಿಲಿಗೂ ನಡುವೆ, ನೆಲದ ಬಳಿ.

ನಾರ್ವೆಯ ಜನರಿಗೆ ಈ ಕಾಲದ ಕಾರುಗಳ ಮೇಲೆ ಇರುವ ಮಮತೆಗೆ ಕಾರಣವಿದೆ. ಎರಡನೇ ಮಹಾಯುದ್ಧದ ನಂತರ ವಿದೇಶಿ ವಿನಿಮಯ ಉಳಿಸಲು ಅಲ್ಲಿನ ಸರ್ಕಾರ ಕಾರಿಗೂ ರೇಷನ್ ಹಾಕಿತ್ತು. ಪರ್ಮಿಟ್ ಇಲ್ಲದೆ ಸಾಮಾನ್ಯ ಕುಟುಂಬ ಹೊಸ ಕಾರು ಕೊಳ್ಳುವಂತಿರಲಿಲ್ಲ. ಆ ನಿರ್ಬಂಧ ಪೂರ್ತಿ ಹೋದದ್ದು 1960ರ ಅಕ್ಟೋಬರ್ 1ರಂದು. ಅಂದರೆ ಅಲ್ಲಿ ಒಂದು ಇಡೀ ತಲೆಮಾರು ತನ್ನ ಮೊದಲ ಕಾರನ್ನು ಕೊಂಡದ್ದು ಅರವತ್ತರ ದಶಕದಲ್ಲಿ. ಸ್ಕೂಟರಿಗೂ ಫಿಯಟ್ಟಿಗೂ ಹಣ ಕಟ್ಟಿ ವರ್ಷಗಟ್ಟಲೆ ಕಾದ ನಮ್ಮ ಹಿರಿಯರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದೋಣಿಗೆ ಕಾಯುವ ಸಾಲಿನಲ್ಲಿ ವಯಸ್ಸಾದವರು ಬಂದು ಅಮೆಜಾನ್‌ನ ಬಾನೆಟ್ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು.

ಓಸ್ಲೋದಿಂದ ಇ16 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟು ಫಿಲೆಫ್ಯೆಲ್ ಬೆಟ್ಟ ದಾಟಿ, ಸುಮಾರು 1200ರಲ್ಲಿ ಮರದಿಂದಲೇ ಕಟ್ಟಿದ ಬೋರ್ಗುಂಡ್ ಚರ್ಚಿನ ಪಕ್ಕದಲ್ಲಿ ಹಾದರೆ ಲೇರ್ಡಾಲ್ ಸಿಗುತ್ತದೆ. ಇಲ್ಲಿ ದಾರಿ ಎರಡಾಗುತ್ತದೆ. ಒಂದು ಸುರಂಗ. 24.5 ಕಿಲೋಮೀಟರ್ ಉದ್ದ. ರಸ್ತೆ ಸುರಂಗಗಳಲ್ಲಿ ಜಗತ್ತಿನಲ್ಲೇ ಉದ್ದನೆಯದು. 2000ದ ನವೆಂಬರಿನಲ್ಲಿ ತೆರೆದದ್ದು. ಚಾಲಕರಿಗೆ ಮಂಪರು ಹತ್ತದಿರಲೆಂದು ನಡುವೆ ಮೂರು ಕಡೆ ದೊಡ್ಡ ಗವಿಗಳನ್ನು ಕೊರೆದು ನೀಲಿ ಬೆಳಕು ಹಾಕಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಅತ್ತ ಔರ್ಲಾಂಡ್ ಬದಿಗೆ ಬಂದಿರುತ್ತೀರಿ. ಇನ್ನೊಂದು, ಅದೇ ಬೆಟ್ಟದ ನೆತ್ತಿಯ ಮೇಲಿನ ಹಳೆಯ ರಸ್ತೆ. 47 ಕಿಲೋಮೀಟರ್, ಎತ್ತರ 1306 ಮೀಟರ್. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಜೂನಿನಲ್ಲಿ ಹೋದರೂ ಇಕ್ಕೆಲದಲ್ಲಿ ಕಾರಿಗಿಂತ ಎತ್ತರದ ಹಿಮದ ಗೋಡೆ ಇರಬಹುದು. ಅಲ್ಲಿನವರು ಅದನ್ನು ಹಿಮದ ದಾರಿ ಎಂದೇ ಕರೆಯುತ್ತಾರೆ.

ಸುರಂಗ ಬಂದ ಮೇಲೆ ಲಾರಿಗಳಿಗೆ, ಬಸ್ಸುಗಳಿಗೆ, ಅವಸರದವರಿಗೆ ಮೇಲಿನ ರಸ್ತೆಯ ಹಂಗಿಲ್ಲ. ನಾರ್ವೆಯಲ್ಲಿ ಎಷ್ಟೋ ಕಡೆ ಹೀಗಾಗಿದೆ. ಬೆಟ್ಟ ಕೊರೆದಂತೆಲ್ಲ ಬೆಟ್ಟದ ಮೇಲಿನ ದಾರಿಗೆ ಬಿಡುವು ಸಿಕ್ಕಿದೆ. ಆದರೆ ಅದನ್ನು ಹಾಳುಬೀಳಲು ಬಿಡಲಿಲ್ಲ. ಇಂಥವೂ ಸೇರಿದಂತೆ 18 ದಾರಿಗಳನ್ನು ರಾಷ್ಟ್ರೀಯ ಪ್ರವಾಸಿ ರಸ್ತೆಗಳೆಂದು ಆರಿಸಿ, ಒಳ್ಳೊಳ್ಳೆಯ ವಾಸ್ತುಶಿಲ್ಪಿಗಳನ್ನು ಕರೆಸಿ, ನಿಂತು ನೋಡುವ ತಾಣಗಳನ್ನು ಕಟ್ಟಿಸಿದ್ದಾರೆ. ನನ್ನ ಮಟ್ಟಿಗೆ ಇದು ಆ ದೇಶದ ದೊಡ್ಡತನ. ಹಳೆಯ ರಸ್ತೆಯನ್ನು ಹಳೆಯ ರಸ್ತೆಯಾಗಿಯೇ, ಅಗಲ ಮಾಡದೆ, ನೇರ ಮಾಡದೆ ಕಾಪಾಡುವುದು ಹೊಸದನ್ನು ಹಾಕುವುದಕ್ಕಿಂತ ಕಷ್ಟದ ಕೆಲಸ. ಗಂಟೆಗೆ ಐವತ್ತು ಕಿಲೋಮೀಟರಿಗೆ ಹೊಂದುವ ತಿರುವುಗಳು, ಆ ವೇಗದಲ್ಲಿ ಖುಷಿಯಾಗಿರುವ ಕಾರು. ಇವೆರಡೂ ಅಲ್ಲಿ ಸೇರುತ್ತವೆ.

ಹಿಮದ ದಾರಿಯ ಏರನ್ನು ಅಮೆಜಾನ್ ತಕರಾರಿಲ್ಲದೆ ಮುಗಿಸಿತು. ಇನ್ನು ಇಳಿಜಾರು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಇಬ್ಬರು ಮನುಷ್ಯರು, ಸಾಮಾನು ಸೇರಿ ಕಾರಿನ ತೂಕ 1300 ಕಿಲೋ ಎಂದುಕೊಳ್ಳಿ. 1306 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಬರುವಾಗ ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 16.6 ಮೆಗಾಜೂಲ್. ಅಷ್ಟು ಶಾಖದಲ್ಲಿ ಸುಮಾರು 50 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದಷ್ಟನ್ನು ಗಾಳಿ, ಟೈರುಗಳು ಹೀರಿಕೊಳ್ಳುತ್ತವೆ. ಮಿಕ್ಕದ್ದನ್ನು ಇಂಜಿನ್ನಿಗೆ ಕೊಡುತ್ತೀರೋ ಬ್ರೇಕಿಗೆ ಕೊಡುತ್ತೀರೋ ಎಂಬುದರಲ್ಲಿ ಚಾಲಕನ ವಿದ್ಯೆಯೆಲ್ಲ ಇದೆ.

ಬ್ರೇಕಿಗೆ ಕೊಟ್ಟರೆ ಏನಾಗುತ್ತದೆ? ಡ್ರಮ್ ಕಾದು ಹಿಗ್ಗುತ್ತದೆ. ಒಳಗಿನ ಲೈನಿಂಗ್ ಅದನ್ನು ಮುಟ್ಟಲು ಇನ್ನಷ್ಟು ದೂರ ಸರಿಯಬೇಕು, ಮುಟ್ಟಿದಾಗಲೂ ಬಿಸಿಗೆ ಹಿಡಿತ ಕಡಿಮೆ. ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕಿಂತ ಅಪಾಯಕಾರಿ ಬ್ರೇಕ್ ಆಯಿಲ್. ಅದು ವರ್ಷ ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ. ಆಮೇಲೆ ಕಾಲಿನ ಒತ್ತಡವೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿಯುತ್ತದೆ. ನಾವಿದ್ದ ಅಮೆಜಾನ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಆದರೆ ನಾಲ್ಕೂ ಚಕ್ರಕ್ಕೆ ಇರುವುದು ಒಂದೇ ಸರ್ಕ್ಯೂಟ್. ಒಂದು ಕಡೆ ಹೋದರೆ ಎಲ್ಲ ಕಡೆಯೂ ಹೋದಂತೆ.

ಹಾಗಾಗಿ ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕು. ನಮ್ಮ ಆಗುಂಬೆ, ಚಾರ್ಮಾಡಿಯ ಹಳೆಯ ಲಾರಿ ಡ್ರೈವರುಗಳೂ ಇದನ್ನೇ ಹೇಳಿಕೊಡುತ್ತಿದ್ದರು. ತಿರುವಿಗೆ ಬಂದ ಮೇಲೆ ಗೇರು ಇಳಿಸುವುದಲ್ಲ, ಇಳಿಜಾರು ಶುರುವಾಗುವ ಮೊದಲೇ ಸೆಕೆಂಡಿಗೆ ಹಾಕಿ ಇಂಜಿನ್ನಿನ ತಡೆಯನ್ನು ನಂಬುವುದು. ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇರುವುದು ಎಲ್ಲಕ್ಕಿಂತ ಕೆಟ್ಟದ್ದು. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಟ್ಟು ಆರಲು ಸಮಯ ಕೊಡಬೇಕು. ಹಿಂದೆ ಕಾರುಗಳ ಸಾಲು ಬೆಳೆದರೆ ಕಿರಿದಾದ ಈ ರಸ್ತೆಗಳಲ್ಲಿ ನೀಲಿ ಹಲಗೆಯ ಮೇಲೆ 'ಎಂ' ಅಕ್ಷರ ಬರೆದ ಜಾಗಗಳಿವೆ. ಅಲ್ಲಿ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡಬೇಕು. ಬಿಟ್ಟಾಗಲೆಲ್ಲ ಕೈ ಎತ್ತಿ ವಂದಿಸಿ ಹೋಗುತ್ತಾರೆ. ಔರ್ಲಾಂಡ್ ಮುಟ್ಟುವ ಮೊದಲು ಸ್ಟೆಗಸ್ಟೈನ್ ಎಂಬಲ್ಲಿ ಫಿಯೋರ್ಡ್‌ನಿಂದ 650 ಮೀಟರ್ ಮೇಲೆ, ಬೆಟ್ಟದಿಂದ 30 ಮೀಟರ್ ಹೊರಕ್ಕೆ ಚಾಚಿದ ಮರದ ಕಟ್ಟೆಯಿದೆ. ಜನ ಫೋಟೋ ತೆಗೆಯಲು ನಿಲ್ಲುತ್ತಾರೆ. ನಾವು ನಿಂತದ್ದು ಬ್ರೇಕ್ ತಣಿಯಲು. ನೋಟ ಅದರ ಜೊತೆಗೆ ಸಿಕ್ಕಿತು.

ಅಮೆಜಾನ್ ಬದಲು ಅದೇ ಕಾಲದ ಸಾಬ್ 96 ಸಿಕ್ಕಿದ್ದರೆ ಕಥೆಯೇ ಬೇರೆ. ಎರಿಕ್ ಕಾರ್ಲ್‌ಸನ್ 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಕಾರು ಅದು. ಮೊದಮೊದಲು ಅದಕ್ಕಿದ್ದದ್ದು ಟೂ-ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಬೆರೆಸಿದ ಆಯಿಲಿನಿಂದಲೇ ಇಂಜಿನ್ನಿಗೆ ಜಿಡ್ಡು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ನಿಲ್ಲುತ್ತದೆ, ಅದರೊಂದಿಗೆ ಆಯಿಲೂ. ಆಗ ಇಂಜಿನ್ ಜೋರಾಗಿ ತಿರುಗಿದರೆ ಒಣಗಿ ಸುಟ್ಟೀತೆಂದು ಫ್ರೀವೀಲ್ ಇಟ್ಟರು: ಕಾಲು ತೆಗೆದೊಡನೆ ಚಕ್ರಗಳಿಗೂ ಇಂಜಿನ್ನಿಗೂ ಸಂಬಂಧ ತಪ್ಪುತ್ತದೆ. ಬಯಲಿನಲ್ಲಿ ಇದು ಸೊಗಸು. ಬೆಟ್ಟದಲ್ಲಿ ಎಲ್ಲ ಭಾರವೂ ಬ್ರೇಕಿನ ಮೇಲೆ. ಫ್ರೀವೀಲನ್ನು ಬಂದ್ ಮಾಡುವ ಹಿಡಿಯೊಂದಿದೆ. ನಾರ್ವೆಯಲ್ಲಿ ಸಾಬ್ ಓಡಿಸುವವರು ಕೀಲಿ ತಿರುಗಿಸುವ ಮೊದಲೇ ಅದೆಲ್ಲಿದೆ ಎಂದು ಕೈಯಿಂದ ತಡವಿ ತಿಳಿದುಕೊಂಡಿರಬೇಕು. ಪೆಟ್ರೋಲ್ ಉಳಿಸಲು ಘಾಟಿಯಲ್ಲಿ ನ್ಯೂಟ್ರಲ್ ಹಾಕುವ ನಮ್ಮವರೂ ಇದನ್ನು ಯೋಚಿಸಲಿ.

ಔರ್ಲಾಂಡ್‌ನಿಂದ ಸುರಂಗದಲ್ಲೇ ವಾಪಸು ಬಂದು ದೋಣಿ ಹಿಡಿದು ಉತ್ತರಕ್ಕೆ ಹೋದರೆ, ಫಿಯೋರ್ಡ್‌ನ ಕವಲಿನ ತುದಿಯಲ್ಲಿ ಶ್ಯೋಲ್ಡೆನ್ ಎಂಬ ಪುಟ್ಟ ಊರು. ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ 1914ರಲ್ಲಿ ಇಲ್ಲಿನ ಕೆರೆಯ ಮೇಲಿನ ಬಂಡೆಗೆ ಅಂಟಿಕೊಂಡಂತೆ ಮನೆ ಕಟ್ಟಿಸಿಕೊಂಡಿದ್ದ. ಅದನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದ್ದಾರೆ, ನಡೆದು ಹೋಗಿ ನೋಡಬಹುದು. ಇಲ್ಲಿಂದಲೇ ಸೊಂಗ್ನೆಫ್ಯೆಲ್ ರಸ್ತೆಯ ಏರು. ಕೆಲಸವಿಲ್ಲದ ತರುಣರ ಕೈಯಿಂದ ಕಟ್ಟಿಸಿ 1938ರಲ್ಲಿ ತೆರೆದ ಈ ರಸ್ತೆಯ ನೆತ್ತಿ 1434 ಮೀಟರ್; ಉತ್ತರ ಯೂರೋಪಿನಲ್ಲಿ ಬೆಟ್ಟ ದಾಟುವ ರಸ್ತೆಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ.

ಬೇಸಿಗೆಯಲ್ಲೂ ಮಂಜು ಮುಸುಕಿ ಮೂರೋ ನಾಲ್ಕೋ ಡಿಗ್ರಿ ಇರುವ ಇಂಥ ಕಡೆ ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟುವುದುಂಟು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಗಾಳಿ ತೇವವಾಗಿದ್ದರೆ ಆ ತೇವ ಥ್ರಾಟಲ್ ಬಳಿ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಇಂಜಿನ್ ಉಸಿರುಕಟ್ಟಿದಂತೆ ತಡವರಿಸಿ ನಿಲ್ಲುತ್ತದೆ. ಗೊತ್ತಿಲ್ಲದವರು ಪ್ಲಗ್ ಬಿಚ್ಚುತ್ತಾರೆ, ಪಂಪ್ ಬಿಚ್ಚುತ್ತಾರೆ. ಮಾಡಬೇಕಾದದ್ದು ಏನೂ ಇಲ್ಲ. ಬಾನೆಟ್ ಮುಚ್ಚಿ ಹತ್ತು ನಿಮಿಷ ಕಾದರೆ ಇಂಜಿನ್ನಿನ ಕಾವೇ ಅದನ್ನು ಕರಗಿಸುತ್ತದೆ.

ಡೈನಮೋ ಕೂಡ ಗಮನ ಬೇಡುತ್ತದೆ. ನಾರ್ವೆಯಲ್ಲಿ ಹಗಲಲ್ಲೂ ದೀಪ ಹಾಕಿಯೇ ಓಡಿಸಬೇಕು. ಇಂಜಿನ್ ನಿಧಾನವಾಗಿದ್ದಾಗ ಡೈನಮೋ ಚಾರ್ಜ್ ಕೊಡುವುದಿಲ್ಲ. ಮಳೆ, ವೈಪರ್, ಹೀಟರ್, ದೀಪ ಎಲ್ಲ ಸೇರಿದರೆ ಸಂಜೆಯ ಹೊತ್ತಿಗೆ ಬ್ಯಾಟರಿ ಸೊರಗಿರುತ್ತದೆ. ರಾತ್ರಿ ಕಾರನ್ನು ಇಳಿಜಾರಿನತ್ತ ಮುಖ ಮಾಡಿ ನಿಲ್ಲಿಸುವುದು ಜಾಣತನ.

ಸೊಂಗ್ನೆಫ್ಯೆಲ್ ಇಳಿದು, ಲೋಮ್ ದಾಟಿ ಗ್ರೋಟ್ಲಿಗೆ ಬಂದಾಗ ಇನ್ನೊಂದು ಆಯ್ಕೆ. ಎಡಕ್ಕೆ ಹೊರಳಿದರೆ 1894ರಲ್ಲಿ ತೆರೆದ ಹಳೆಯ ಸ್ಟ್ರೀನೆಫ್ಯೆಲ್ ರಸ್ತೆ. 27 ಕಿಲೋಮೀಟರ್, ಕೈಯಿಂದ ಕಟ್ಟಿದ ಕಲ್ಲುಗೋಡೆಗಳ ಮೇಲೆ ನಿಂತ, ಅಂಚಿಗೆ ಸಾಲುಗಲ್ಲು ನೆಟ್ಟ ದಾರಿ. ಕಾರು ಬರುವ ಮೊದಲು ಕುದುರೆ ಗಾಡಿಗೆಂದು ಹಾಕಿದ್ದರಿಂದ ಅದರ ಏರಿಳಿತದಲ್ಲಿ ಕುದುರೆಯ ದಮ್ಮಿನ ಲೆಕ್ಕವಿದೆ, ಎಲ್ಲಿಯೂ ವಿಪರೀತವಿಲ್ಲ. ನಾನು ಓಡಿಸಿದ ರಸ್ತೆಗಳಲ್ಲಿ ಇಷ್ಟು ಹಿತವಾದದ್ದು ಇನ್ನೊಂದಿಲ್ಲ. ಮುಂದಕ್ಕೆ ಸಾಗಿ ಬಲಕ್ಕೆ ಹೊರಳಿದರೆ ಗೈರಾಂಗರ್‌ಗೆ ಇಳಿಯುವ 1889ರ ರಸ್ತೆ. ಸಾವಿರ ಮೀಟರ್ ಎತ್ತರದಿಂದ ನೇರ ಸಮುದ್ರಕ್ಕೆ. ಅಲ್ಲಿ ಪ್ರವಾಸಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡರೆ ಬ್ರೇಕಿಗೆ ಬಿಡುವೇ ಸಿಗುವುದಿಲ್ಲ. ಬೆಳಗ್ಗೆ ಏಳಕ್ಕೆ ಮೊದಲು ಇಳಿದುಬಿಡಿ.

ಈ ದಾರಿಯ ಉದ್ದಕ್ಕೂ ಎದುರಾಗುವ ಹೊಸ ಕಾರುಗಳು ಸದ್ದೇ ಇಲ್ಲದೆ ಹೋಗುತ್ತವೆ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89ರಷ್ಟು ವಿದ್ಯುತ್ತಿನವು. ಬ್ಯಾಟರಿಯಿಂದಲೇ ಓಡುವ ಮೊದಲ ಕಾರು ದೋಣಿಯೂ 2015ರಲ್ಲಿ ಇಲ್ಲಿನ ಸೊಂಗ್ನೆಫಿಯೋರ್ಡ್‌ನಲ್ಲೇ ಓಡಾಟ ಶುರುಮಾಡಿತು. ಆ ಕಾರುಗಳು ಇಳಿಜಾರಿನ ಶಕ್ತಿಯ ಬಹುಪಾಲನ್ನು ಬ್ಯಾಟರಿಗೇ ಮರಳಿಸಿಕೊಳ್ಳುತ್ತವೆ. ನಾವು ಸೆಕೆಂಡ್ ಗೇರಿನಲ್ಲಿ ಗಾಳಿಗೆ ಚೆಲ್ಲಿದ ಕಾವು ಅವರಿಗೆ ಮುಂದಿನ ಏರಿನ ಖರ್ಚು. ಇದನ್ನು ನಾನು ಮೆಚ್ಚುತ್ತೇನೆ. ಆದರೆ ಬೆಟ್ಟ ಎಷ್ಟು ಎತ್ತರವಿತ್ತೆಂಬುದು ಅಂಗಾಲಿಗೂ ತೋಳಿಗೂ ತಿಳಿಯಬೇಕಾದರೆ ಹಳೆಯ ಕಾರೇ ಬೇಕು.

ಟ್ರೊಲ್‌ಸ್ಟೀಗೆನ್ ಎಲ್ಲರಿಗೂ ಚಿತ್ರಗಳಿಂದ ಗೊತ್ತು. ಎಂಟು ವರ್ಷ ಕಟ್ಟಿ 1936ರ ಜುಲೈ 31ರಂದು ದೊರೆ ಏಳನೇ ಹೋಕನ್ ತೆರೆದ ರಸ್ತೆ. ಹನ್ನೊಂದು ಹೇರ್‌ಪಿನ್ ತಿರುವು, ನಡುವೆ ಜಲಪಾತದ ಮೇಲೊಂದು ಕಲ್ಲಿನ ಸೇತುವೆ. ತಿರುವುಗಳಿಗೆ ಹೆಸರುಗಳಿವೆ, ಹೆಚ್ಚಿನವು ಅವನ್ನು ಕಟ್ಟಿದ ತಂಡಗಳ ಮೇಸ್ತ್ರಿಗಳವು. ಕೆಲಸ ಮಾಡಿದವನ ಹೆಸರು ಕೆಲಸದ ಮೇಲೆ ಉಳಿದಿರುವುದು ನನಗೆ ಬಹಳ ಹಿಡಿಸಿತು. ಬಂಡೆ ಉರುಳುವ ಜಾಗವಿದು. 2024ರಲ್ಲಿ ಜೂನಿನಲ್ಲೇ ಮುಚ್ಚಿದ್ದನ್ನು ಆ ವರ್ಷ ಮತ್ತೆ ತೆರೆಯಲಿಲ್ಲ. ದಕ್ಷಿಣದಿಂದ ಬಂದು ಇದನ್ನು ಇಳಿಯುವುದಕ್ಕಿಂತ ಉತ್ತರದ ಒಂಡಾಲ್ಸ್‌ನೆಸ್‌ನಿಂದ ಏರುವುದೇ ಚೆಂದ ಎನ್ನುವವರಿದ್ದಾರೆ. ನನ್ನ ಮತ ಇಳಿಯುವುದಕ್ಕೆ. ಮೇಲಿನ ಕಟ್ಟೆಯಿಂದ ಹನ್ನೊಂದೂ ತಿರುವನ್ನು ಮೊದಲೇ ನೋಡಿ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಮನಸ್ಸಿನಲ್ಲಿ ಓಡಿಸಿಕೊಂಡು ಆಮೇಲೆ ಇಳಿಯುವ ಅವಕಾಶ ಬೇರೆಲ್ಲಿ ಸಿಗುತ್ತದೆ?

ಅಲ್ಲಿಂದ ಮುಂದೆ ಅಟ್ಲಾಂಟಿಕ್ ರಸ್ತೆಯೂ ಇದೆ. 1989ರಲ್ಲಿ ತೆರೆದದ್ದು, ಎಂಟು ಸೇತುವೆ, ಎಂಟು ಚಿಲ್ಲರೆ ಕಿಲೋಮೀಟರ್. ಬಿರುಗಾಳಿಯಿದ್ದರೆ ಅದ್ಭುತವಂತೆ, ನಾವು ಹೋದಾಗ ಕಡಲು ಶಾಂತವಿತ್ತು. ಸಮಯ ಕಡಿಮೆಯಿದ್ದರೆ ಇದನ್ನು ಬಿಟ್ಟು ಆ ದಿನವನ್ನು ಸ್ಟ್ರೀನೆಫ್ಯೆಲ್‌ಗೆ ಕೊಡಿ.

ಹೋಗುವವರು ಜೂನ್ ಕೊನೆಯಿಂದ ಆಗಸ್ಟ್ ಮುಗಿಯುವುದರೊಳಗೆ ಹೋಗಿ. ಊರಾಚೆಯ ರಸ್ತೆಗಳಲ್ಲಿ ಸಾಮಾನ್ಯ ಮಿತಿ ಗಂಟೆಗೆ 80 ಕಿಲೋಮೀಟರ್, ಹಾಗಾಗಿ ಹಳೆಯ ಕಾರು ಯಾರಿಗೂ ಅಡ್ಡಿಯಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ, ಮೊದಲೇ ಬದಲಾಯಿಸಿರಿ. ಕಾರು ಬಾಡಿಗೆಗೆ ಪಡೆದರೆ ಮಾಲೀಕರನ್ನು ಇಂಜಿನ್ ಬಗ್ಗೆ ಏನೂ ಕೇಳಬೇಡಿ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿ. ಎರಡು ವರ್ಷಕ್ಕಿಂತ ಹಿಂದೆ ಎಂದರೆ, ಓಸ್ಲೋ ಬಿಡುವ ಮೊದಲೇ ಬದಲಾಯಿಸಿಕೊಡಲು ಹೇಳಿ.