ಹದಿನಾರು ಮನೆಗಳ ಸೊಗಸು

ಒಂದು ಪುಟ್ಟ ಪಟ್ಟಿ. ಅದರಲ್ಲಿ ಹದಿನಾರು ಮನೆ. ಪ್ರತಿ ಮನೆಯಲ್ಲೂ ಒಂದೋ ಸೊನ್ನೆ, ಇಲ್ಲವೇ ಒಂದು. ಒಳಗೆ ಬರುವ ತಂತಿಗಳು ನಾಲ್ಕು. ಯಾವ ತಂತಿಯಲ್ಲಿ ವಿದ್ಯುತ್ತಿದೆ, ಯಾವುದರಲ್ಲಿಲ್ಲ ಎಂಬುದನ್ನು ನೋಡಿಕೊಂಡು ಹದಿನಾರರಲ್ಲಿ ಒಂದು ಮನೆ ತೆರೆದುಕೊಳ್ಳುತ್ತದೆ. ಅಲ್ಲಿರುವುದು ಹೊರಗಿನ ತಂತಿಗೆ ಬರುತ್ತದೆ. ಎಫ್‌ಪಿಜಿಎ ಎಂಬ ಚಿಪ್ಪಿನ ಜೀವಾಳವಾದ ಲುಕ್-ಅಪ್ ಟೇಬಲ್ ಎಂದರೆ ಇಷ್ಟೇ. ಈ ಮನೆಗಳನ್ನು 65,536 ಬಗೆಯಲ್ಲಿ ತುಂಬಬಹುದು. ಒಂದು ಬಗೆಯಲ್ಲಿ ತುಂಬಿದರೆ ಅದು ಕೂಡುವ ಯಂತ್ರದ ತುಣುಕು, ಇನ್ನೊಂದು ಬಗೆಯಲ್ಲಿ ತುಂಬಿದರೆ ಎರಡು ದಾರಿಗಳಲ್ಲಿ ಒಂದನ್ನು ಆರಿಸುವ ಕೀಲಿ. ಪಟ್ಟಿ ಅದೇ, ತುಂಬುವ ಕೈ ಮಾತ್ರ ಬೇರೆ.

1985ರಲ್ಲಿ ಬಂದ ಝೈಲಿಂಕ್ಸ್ ಕಂಪನಿಯ ಮೊದಲ ಎಫ್‌ಪಿಜಿಎಯಲ್ಲಿ, ಅಂದರೆ ರಾಸ್ ಫ್ರೀಮನ್ ಅವರ ಕಲ್ಪನೆಯಿಂದ ಹುಟ್ಟಿದ ಚಿಪ್ಪಿನಲ್ಲಿ, ಇಂಥ ಘಟಕಗಳು 64 ಇದ್ದವು. ನನ್ನ ಮೇಜಿನ ಮೇಲಿರುವುದು ಲ್ಯಾಟಿಸ್ ಕಂಪನಿಯ ಎಫ್‌ಪಿಜಿಎ ಬೋರ್ಡಾದ ಐಸ್‌ಸ್ಟಿಕ್. ನೋಡಲು ಪೆನ್‌ಡ್ರೈವ್‌ನಂತಿದೆ, ತಲೆಯ ಮೇಲೆ ಐದು ಎಲ್‌ಇಡಿ. ಒಳಗೆ 1,280 ಪಟ್ಟಿಗಳು, ಪ್ರತಿ ಪಟ್ಟಿಯ ಪಕ್ಕದಲ್ಲಿ ಒಂದೇ ಒಂದು ಬಿಟ್ ನೆನಪಿಡುವ ಫ್ಲಿಪ್-ಫ್ಲಾಪ್. ಸೆಕೆಂಡಿಗೆ 1.2 ಕೋಟಿ ಸಲ ಮಿಡಿಯುವ ಕ್ಲಾಕ್. ಇಷ್ಟೇ ಸಾಮಗ್ರಿಯಲ್ಲಿ ಒಂದು ಪ್ರೊಸೆಸರನ್ನು ನಾನೇ ಕಟ್ಟಬೇಕು ಎಂದು ಹೊರಟೆ. ಕಟ್ಟುತ್ತಾ ಹೋದಂತೆ ಕೆಲವು ಜಾಗಗಳಲ್ಲಿ ಕೈ ನಿಲ್ಲಿಸಿ ಸುಮ್ಮನೆ ನೋಡುತ್ತಾ ಕೂರುವಂತಾಯಿತು. ಆ ಜಾಗಗಳ ಬಗ್ಗೆಯೇ ಈ ಮಾತು.

ಮೊದಲನೆಯದು, ಸರ್ಕ್ಯೂಟನ್ನು ಬಣ್ಣಿಸಲು ಬಳಸುವ ವೆರಿಲಾಗ್ ಭಾಷೆಯ ಎರಡು ಸಾಲು. ಒಂದು ಲೋಟದಲ್ಲಿ ಹಾಲು, ಇನ್ನೊಂದರಲ್ಲಿ ಮಜ್ಜಿಗೆ ಇದ್ದರೆ ಅದಲುಬದಲು ಮಾಡಲು ಮೂರನೆಯ ಲೋಟ ಬೇಕೇಬೇಕು. ಪ್ರೋಗ್ರಾಂ ಬರೆಯುವವರೆಲ್ಲ ಮೊದಲು ಕಲಿಯುವ ಪಾಠ ಇದು. ಇಲ್ಲಿ ಹಾಗಲ್ಲ. ‘ಎ’ಗೆ ‘ಬಿ’ ಹೋಗಲಿ, ‘ಬಿ’ಗೆ ‘ಎ’ ಹೋಗಲಿ ಎಂದು ಎರಡು ಸಾಲು ಬರೆದರೆ ಸಾಕು, ಕ್ಲಾಕಿನ ಒಂದೇ ಮಿಡಿತಕ್ಕೆ ಎರಡೂ ಸ್ಥಾನ ಬದಲಿಸುತ್ತವೆ. ಮೇಲಿನ ಸಾಲು ಮೊದಲು, ಕೆಳಗಿನದು ಆಮೇಲೆ ಎಂಬುದೇ ಇಲ್ಲ. ಮಿಡಿತಕ್ಕೆ ಮುಂಚೆ ಎಲ್ಲರೂ ಎದುರಿಗಿರುವುದನ್ನು ನೋಡಿಕೊಳ್ಳುತ್ತಾರೆ, ಮಿಡಿತ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡುತ್ತಾರೆ. ಕೋಲಾಟದಲ್ಲಿ ಕೋಲು ತಾಗುವ ಕ್ಷಣದಂತೆ. ಇದು ಅರ್ಥವಾದ ಸಂಜೆ ನಾನು ಬರೆಯುತ್ತಿದ್ದದ್ದು ಪ್ರೋಗ್ರಾಂ ಅಲ್ಲ, ಒಂದು ವಸ್ತುವಿನ ಆಕಾರ ಎಂದು ಮನಸ್ಸಿಗೆ ಬಂತು.

ಎರಡನೆಯದು ಒಂದು ಸೊನ್ನೆ. ನಾನು ಕಟ್ಟಲು ಆರಿಸಿಕೊಂಡದ್ದು ರಿಸ್ಕ್-ಫೈವ್. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ, ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಕಟ್ಟಬಹುದಾದ ಆಜ್ಞಾಸಮೂಹ ಅದು. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್‌ಗಳು ನಿಂತಿರುವುದೂ ಇದರ ಮೇಲೆಯೇ. ಅದರ 32 ಬಿಟ್‌ನ ತಳಪಾಯದಲ್ಲಿ ಇರುವುದು 40 ಆಜ್ಞೆಗಳು, 32 ರಿಜಿಸ್ಟರ್‌ಗಳು. ಲೆಕ್ಕದ ಹೊತ್ತಿಗೆ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಆ 32 ಜಾಗಗಳಲ್ಲಿ ಮೊದಲನೆಯದು ಯಾವಾಗಲೂ ಸೊನ್ನೆ. ಏನು ಬರೆದರೂ ನಿಲ್ಲದು, ಯಾವಾಗ ಓದಿದರೂ ಸೊನ್ನೆಯೇ. ಬೆಲೆಬಾಳುವ ಒಂದು ಜಾಗವನ್ನು ಹೀಗೆ ಖಾಲಿ ಬಿಟ್ಟದ್ದೇಕೆ ಎಂದು ಮೊದಲು ಅನಿಸಿತ್ತು. ಒಂದು ರಿಜಿಸ್ಟರಿನಲ್ಲಿರುವುದನ್ನು ಇನ್ನೊಂದಕ್ಕೆ ನಕಲು ಮಾಡಬೇಕೇ? ಸೊನ್ನೆ ಕೂಡು, ಅಷ್ಟೇ. ಒಂದು ಸಂಖ್ಯೆಯನ್ನು ಋಣವಾಗಿಸಬೇಕೇ? ಸೊನ್ನೆಯಿಂದ ಕಳೆ. ವಾಪಸು ಬರುವ ಯೋಚನೆಯಿಲ್ಲದೆ ಜಿಗಿಯಬೇಕೇ? ವಾಪಸಾತಿಯ ವಿಳಾಸವನ್ನು ಸೊನ್ನೆಯಲ್ಲಿ ಹಾಕು, ಅದು ಅಲ್ಲೇ ಕರಗಿ ಹೋಗುತ್ತದೆ. ಇವಕ್ಕೆಲ್ಲ ಬೇರೆ ಬೇರೆ ಆಜ್ಞೆಗಳೇ ಬೇಡ. ಖಾಲಿ ಬಿಟ್ಟ ಒಂದು ಜಾಗ ಎಷ್ಟೊಂದು ಕೆಲಸವನ್ನು ಹೊತ್ತುಕೊಂಡಿದೆ!

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಮತ್ತು ಅದರ ಹತ್ತಿರ ಕರೆದೊಯ್ದದ್ದು ಒಂದು ತಪ್ಪು. ಎಲ್‌ಇಡಿ ಮಿನುಗಿಸುವ ಪುಟ್ಟ ಲೂಪ್ ಬರೆದಿದ್ದೆ. ಎಂಟು ಬೈಟ್ ಹಿಂದಕ್ಕೆ ಹೋಗು ಎಂಬುದು ಆಜ್ಞೆ. ದೀಪ ಒಮ್ಮೆ ಹತ್ತಿ ಹಾಗೇ ನಿಂತುಬಿಟ್ಟಿತು. ಸಿಮ್ಯುಲೇಟರಿನಲ್ಲಿ ಅಲೆಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಸಿಕ್ಕಿತು: ಪ್ರೊಸೆಸರ್ ಎಂಟು ಹಿಂದಕ್ಕೆ ಹೋಗುವ ಬದಲು 8,184 ಬೈಟ್ ಮುಂದಕ್ಕೆ, ಮೆಮೊರಿಯ ಅಂಚಿನಾಚೆಗೆ ಜಿಗಿದಿತ್ತು. ಋಣಚಿಹ್ನೆಯ ಬಿಟ್ಟನ್ನು ಮೇಲಿನವರೆಗೂ ಹರಡುವುದನ್ನು ನಾನು ಮರೆತಿದ್ದೆ. ಸರಿಪಡಿಸಲು ಆಜ್ಞೆಗಳ ನಕ್ಷೆಯನ್ನು ಮತ್ತೆ ತೆರೆದೆ. ಅಲ್ಲಿಯವರೆಗೆ ಅಸ್ತವ್ಯಸ್ತವಾಗಿ ಕಂಡಿದ್ದ ನಕ್ಷೆ ಅದು.

ಮೆಮೊರಿಗೆ ಬರೆಯುವ ಆಜ್ಞೆಯಲ್ಲಿ ಹನ್ನೆರಡು ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. 11ನೆಯ ಬಿಟ್ ಎಲ್ಲಕ್ಕಿಂತ ಮೇಲೆ ಆಜ್ಞೆಯ 31ನೆಯ ಸ್ಥಾನದಲ್ಲಿ, 0ನೆಯ ಬಿಟ್ ಕೆಳಗೆ 7ನೆಯ ಸ್ಥಾನದಲ್ಲಿ. ಕವಲೊಡೆಯುವ ಆಜ್ಞೆಗೂ ಸಂಖ್ಯೆ ಬೇಕು, ಆದರೆ ಆಜ್ಞೆಗಳ ವಿಳಾಸ ಯಾವಾಗಲೂ ಸಮಸಂಖ್ಯೆಯಾದ್ದರಿಂದ 0ನೆಯ ಬಿಟ್ ಅಲ್ಲಿ ಬೇಕಿಲ್ಲ. ಬದಲಿಗೆ 12ನೆಯದೊಂದು ಬೇಕು. ಎಲ್ಲವನ್ನೂ ಒಂದೊಂದು ಸ್ಥಾನ ಸರಿಸಿದ್ದರೆ ಓದುವ ಕಣ್ಣಿಗೆ ಚೆಂದವಿರುತ್ತಿತ್ತು. ಹಾಗೆ ಮಾಡಿಲ್ಲ. ಊಟದ ಪಂಕ್ತಿಯನ್ನು ನೆನೆಯಿರಿ. ಕೊನೆಯಲ್ಲೊಂದು ಎಲೆ ಖಾಲಿಯಾಗಿದೆ, ಮೊದಲ ಜಾಗಕ್ಕೆ ಹಿರಿಯರೊಬ್ಬರು ಬಂದಿದ್ದಾರೆ. ಸಾಲನ್ನೆಲ್ಲ ಎಬ್ಬಿಸಿ ಸರಿಸುತ್ತಾರೆಯೇ? ಅಲ್ಲಿದ್ದವನೊಬ್ಬನೇ ಎದ್ದು ಹೋಗಿ ಖಾಲಿ ಎಲೆಯ ಮುಂದೆ ಕೂರುತ್ತಾನೆ. ಇಲ್ಲಿಯೂ ಅಷ್ಟೇ: 12 ಬಂದು 31ನೆಯ ಸ್ಥಾನದಲ್ಲಿ ಕೂತಿದೆ, ಅಲ್ಲಿದ್ದ 11 ಎದ್ದು 0 ಬಿಟ್ಟುಹೋದ ಜಾಗಕ್ಕೆ ಹೋಗಿದೆ, ಉಳಿದ ಹತ್ತು ಬಿಟ್‌ಗಳು ಕದಲಿಲ್ಲ. ಕದಲದ ಬಿಟ್‌ಗೆ ಬರೀ ಒಂದು ತಂತಿ ಸಾಕು. ಕದಲುವ ಬಿಟ್‌ಗೆ ದಾರಿ ಆರಿಸುವ ಕೀಲಿ ಬೇಕು, ಅಂದರೆ ನನ್ನ 1,280 ಪಟ್ಟಿಗಳಲ್ಲಿ ಒಂದು ಖರ್ಚು. ಇನ್ನು ಚಿಹ್ನೆಯ ಬಿಟ್ ಯಾವ ಆಜ್ಞೆಯಲ್ಲಾದರೂ 31ನೆಯ ಸ್ಥಾನದಲ್ಲೇ ಇರುತ್ತದೆ. ಆಜ್ಞೆ ಯಾವುದೆಂದು ಗುರುತಿಸುವ ಮೊದಲೇ ಅದನ್ನು ಹರಡಲು ಶುರುಮಾಡಬಹುದು. ಕಾಗದದ ಮೇಲೆ ಕಲಸಿದಂತೆ ಕಂಡದ್ದು ತಾಮ್ರದಲ್ಲಿ ಓರಣವಾಗಿತ್ತು.

ಅಲ್ಲಿಂದಾಚೆಗೆ ನನ್ನ ಕೈಯೂ ಆ ಓರಣವನ್ನೇ ಹುಡುಕತೊಡಗಿತು. ಸಂಖ್ಯೆಯನ್ನು ಒಂದೇ ಏಟಿಗೆ ಎಷ್ಟು ಸ್ಥಾನ ಬೇಕಾದರೂ ಸರಿಸುವ ಸರ್ಕ್ಯೂಟ್ ಜಾಗ ನುಂಗುತ್ತಿತ್ತು. ಅದನ್ನು ತೆಗೆದು ಒಂದು ಮಿಡಿತಕ್ಕೆ ಒಂದೇ ಸ್ಥಾನ ಸರಿಸುವಂತೆ ಬದಲಾಯಿಸಿದೆ. ನಿಧಾನ, ಆದರೆ ಹಿಡಿಸುತ್ತದೆ. ಫ್ರಾನ್ಸಿನ ಬ್ರೂನೋ ಲೆವಿ ಅವರು ಇದೇ ಪುಟ್ಟ ಬೋರ್ಡಿಗೆಂದು ಕಡೆದ ಫೆಮ್ಟೋಆರ್‌ವಿ ಎಂಬ ಪ್ರೊಸೆಸರಿನ ಅತಿ ಚಿಕ್ಕ ರೂಪದಲ್ಲೂ ಇದೇ ಉಪಾಯವಿದೆ. ಚಿಪ್ಪಿನಲ್ಲಿರುವ ಬ್ಲಾಕ್ ಮೆಮೊರಿ ಒಟ್ಟು 8 ಕಿಲೋಬೈಟ್, ಹದಿನಾರು ತುಂಡುಗಳಾಗಿ. ಒಂದೇ ಸಲಕ್ಕೆ ಎರಡು ರಿಜಿಸ್ಟರ್ ಓದಲು ರಿಜಿಸ್ಟರ್‌ಗಳ ಎರಡು ಪ್ರತಿ ಇಡಬೇಕು, ಅದಕ್ಕೆ ನಾಲ್ಕು ತುಂಡು. ಉಳಿದ ಹನ್ನೆರಡರಲ್ಲಿ ಪ್ರೋಗ್ರಾಮಿಗೆ ಸರಿಯಾಗಿ 6 ಕಿಲೋಬೈಟ್. ಇಕ್ಕಟ್ಟಾದ ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ಒಂದರೊಳಗೊಂದು ಕೂತಾಗ ಆಗುವ ನೆಮ್ಮದಿ ಅದು. ಈ ಎಲ್ಲ ಕೆಲಸಕ್ಕೆ ಬೇಕಾದ ಸಾಧನಗಳೂ ಮುಕ್ತ. 2015ರಲ್ಲಿ ಕ್ಲೇರ್ ವುಲ್ಫ್ ಮತ್ತು ಜೊತೆಗಾರರು ಈ ಚಿಪ್ಪಿನ ಒಳಭಾಷೆಯನ್ನು ಬಿಡಿಸಿ ಎಲ್ಲರ ಮುಂದಿಟ್ಟ ಐಸ್‌ಸ್ಟಾರ್ಮ್ ಯೋಜನೆಯ ಋಣ ದೊಡ್ಡದು.

ಕೊನೆಗೆ ಪ್ರೊಸೆಸರಿಗೆ ಬಾಯಿ ಕೊಡಬೇಕಿತ್ತು. ಒಂದು ವಿಳಾಸಕ್ಕೆ ಬರೆದದ್ದು ಮೆಮೊರಿಗೆ ಹೋಗದೆ ತಂತಿಯ ಮೇಲೆ ಹೋಗುವಂತೆ ಮಾಡಿದೆ. ಸೆಕೆಂಡಿಗೆ 1,15,200 ಬಿಟ್ ವೇಗ. ಒಂದು ಬಿಟ್‌ಗೆ 104 ಮಿಡಿತ ಮತ್ತು ಒಂದಿಷ್ಟು ಪುಡಿ. ಆ ಪುಡಿಯನ್ನು ಬಿಟ್ಟೆ. ಹತ್ತು ಬಿಟ್ ಮುಗಿಯುವಷ್ಟರಲ್ಲಿ ತಪ್ಪುವುದು ಎರಡು ಮಿಡಿತಕ್ಕೂ ಕಡಿಮೆ, ಆಮೇಲೆ ಹೊಸ ಬೈಟಿನೊಂದಿಗೆ ತಾಳ ಮತ್ತೆ ಮೊದಲಿಂದ.

ಕಳಿಸಿದ್ದು ಮೂರು ಸಂಖ್ಯೆ: 224, 178, 133. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ‘ಅ’ ಮೂಡಿತು. ಕೂಡುವುದು, ಹೋಲಿಸುವುದು, ಕಾಯುವುದು ಇಷ್ಟನ್ನೇ ಬಲ್ಲ ಆ ಯಂತ್ರಕ್ಕೆ ಅದು ಅಕ್ಷರವೆಂದು ಗೊತ್ತಿಲ್ಲ. ಬೋರ್ಡನ್ನು ಕಿತ್ತೆ, ಪಟ್ಟಿಗಳೆಲ್ಲ ಆ ಕ್ಷಣವೇ ಬರಿದಾದವು. ಮತ್ತೆ ಸಿಕ್ಕಿಸಿದೆ. ಪಕ್ಕದ ಫ್ಲಾಶ್ ಚಿಪ್ಪಿನಿಂದ ಮನೆಗಳು ಮತ್ತೆ ತುಂಬಿಕೊಂಡವು, ಪ್ರೊಸೆಸರ್ ಎದ್ದು ನಿಂತಿತು, ‘ಅ’ ಮತ್ತೆ ಬಂತು. ಆ ರಾತ್ರಿ ಎಷ್ಟು ಸಲ ಕಿತ್ತು ಎಷ್ಟು ಸಲ ಸಿಕ್ಕಿಸಿದೆನೋ ಲೆಕ್ಕವಿಡಲಿಲ್ಲ.